ಹೆಸರಿಗೆ ಬಸವ, ಹಳಿ ಯಾರಿಗೆ?

2025ರ ಅಕ್ಟೋಬರ್ 5ರಂದು ಬೆಂಗಳೂರಿನಲ್ಲಿ ನಡೆದ ಬಸವ ಸಂಸ್ಕೃತಿ ಅಭಿಯಾನದ ಸಮಾರೋಪದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಒಂದು ಮಾತು ಹೇಳಿದರು. 'ನಮ್ಮ ಮೆಟ್ರೋ'ಗೆ 'ಬಸವ ಮೆಟ್ರೋ' ಎಂದು ಹೆಸರಿಡಲು ಕೇಂದ್ರ ಸರ್ಕಾರಕ್ಕೆ ಶಿಫಾರಸು ಮಾಡುವುದಾಗಿಯೂ, ಅದು ಪೂರ್ತಿ ರಾಜ್ಯದ ಯೋಜನೆಯಾಗಿದ್ದರೆ ಅಲ್ಲೇ ಘೋಷಿಸಿಬಿಡುತ್ತಿದ್ದುದಾಗಿಯೂ ಅವರು ತಿಳಿಸಿದರು. ಅದಾದ ಮೇಲೆ ಪರ-ವಿರೋಧದ ಮಾತುಗಳು ನಡೆದವು. ಹೆಸರು ಬೇಕೆಂದವರು ಬಸವಣ್ಣನವರ ದೊಡ್ಡತನವನ್ನು ನೆನಪಿಸಿದರು. ಬೇಡವೆಂದವರು ರಾಜಕೀಯದ ಲೆಕ್ಕ ಹೇಳಿದರು. ಆದರೆ ಬಸವಣ್ಣನವರ ಹೆಸರಿನ ರೈಲು ಎಲ್ಲಿಗೆ ಹೋಗುತ್ತದೆ, ಅದನ್ನು ಹತ್ತುವವರು ಯಾರು ಎಂಬ ಪ್ರಶ್ನೆ ಈ ಗದ್ದಲದಲ್ಲಿ ಹಿಂದೆ ಬಿತ್ತು.

ಈ ಪ್ರಶ್ನೆಯನ್ನು ಬೆಂಗಳೂರಿನವರು ಕೇಳುವುದಕ್ಕಿಂತ ತಂಗಡಗಿಯ ಕಡೆಯ ನಾವು ಕೇಳುವುದು ಹೆಚ್ಚು ಸೂಕ್ತ. ತಂಗಡಗಿ ಮುದ್ದೇಬಿಹಾಳ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲಿರುವ ಊರು. ಕೂಡಲಸಂಗಮದಲ್ಲಿ ಬಸವಣ್ಣ ಐಕ್ಯನಾದ ಸುದ್ದಿ ಕಲ್ಯಾಣದಿಂದ ಬರುತ್ತಿದ್ದ ನೀಲಾಂಬಿಕೆಗೆ ತಲುಪಿದ್ದು ಇಲ್ಲೇ ಎಂದೂ, ಆಕೆ ಹೊಳೆ ದಾಟದೆ ಈ ದಂಡೆಯಲ್ಲೇ ಲಿಂಗೈಕ್ಯಳಾದಳೆಂದೂ ಶರಣ ಪರಂಪರೆ ನಂಬುತ್ತದೆ. ಆಕೆಯನ್ನು ಕರೆತರಲು ಹೋಗಿದ್ದ ಹಡಪದ ಅಪ್ಪಣ್ಣನ ನೆನಪೂ ಈ ಊರಿಗೆ ಅಂಟಿಕೊಂಡಿದೆ. ಬಸವಣ್ಣ ಹುಟ್ಟಿದ ಬಾಗೇವಾಡಿ, ಐಕ್ಯನಾದ ಕೂಡಲಸಂಗಮ, ನೀಲಮ್ಮ ನಿಂತುಬಿಟ್ಟ ತಂಗಡಗಿ ಇವೆಲ್ಲ ನಮ್ಮ ಬಸ್ಸಿನ ದಾರಿಯಲ್ಲೇ ಸಿಗುವ ಊರುಗಳು. 'ಬಸ್ಸಿನ ದಾರಿ' ಎಂದು ಬೇಕೆಂದೇ ಬರೆಯುತ್ತಿದ್ದೇವೆ. ಏಕೆಂದರೆ ಈ ಮೂರೂ ಊರುಗಳಲ್ಲಿ ರೈಲು ಬಂದು ನಿಲ್ಲುವ ಊರು ಒಂದೂ ಇಲ್ಲ.

ಹಾಗೆ ನೋಡಿದರೆ ಬಸವಣ್ಣನವರ ಹೆಸರಿನ ರೈಲು ಈಗಾಗಲೇ ಇದೆ. ಮೈಸೂರಿನಿಂದ ಬಾಗಲಕೋಟೆಗೆ ಓಡುವ ಬಸವ ಎಕ್ಸ್‌ಪ್ರೆಸ್ ಬೆಂಗಳೂರು, ಗುಂತಕಲ್, ರಾಯಚೂರು, ಯಾದಗಿರಿ, ಕಲಬುರಗಿ ದಾಟಿ, ಮಹಾರಾಷ್ಟ್ರದ ಸೊಲ್ಲಾಪುರವನ್ನು ಸುತ್ತಿ, ಅಲ್ಲಿಂದ ಕೆಳಗಿಳಿದು ವಿಜಯಪುರದ ಮೂಲಕ ಬಾಗಲಕೋಟೆ ಸೇರುತ್ತದೆ. ಯಾದಗಿರಿಯಿಂದ ಆಲಮಟ್ಟಿಗೆ ನೇರ ಹಳಿ ಇದ್ದಿದ್ದರೆ ಈ ಸುತ್ತು ಬೇಕಿರಲಿಲ್ಲ. ಮುದ್ದೇಬಿಹಾಳ, ಸುರಪುರದ ಕಡೆಯಿಂದ ಹೋಗಬೇಕೆನ್ನುವ ಆ ಆಲಮಟ್ಟಿ–ಯಾದಗಿರಿ ಮಾರ್ಗಕ್ಕಾಗಿ ನಮ್ಮ ಜನ ದಶಕಗಳಿಂದ ಮನವಿ ಕೊಡುತ್ತ ಬಂದಿದ್ದಾರೆ. ಇನ್ನೂ ಒಂದು ಹಳಿಯೂ ಬಿದ್ದಿಲ್ಲ.

ಇನ್ನೊಂದು ಸಂಗತಿಯನ್ನೂ ಓದುಗರು ಗಮನಿಸಬೇಕು. ಗದಗ–ಹೋಟಗಿ ಮಾರ್ಗದಲ್ಲಿ 'ಇಂಡಿ ರೋಡ್' ಎಂಬ ಸ್ಟೇಷನ್ ಇದೆ, 'ಬಸವನ ಬಾಗೇವಾಡಿ ರೋಡ್' ಎಂಬ ಸ್ಟೇಷನ್ ಇದೆ, ಆಚೆ 'ಗುಳೇದಗುಡ್ಡ ರೋಡ್' ಇದೆ. ರೈಲ್ವೆಯ ಭಾಷೆಯಲ್ಲಿ ಊರಿನ ಹೆಸರಿನ ಮುಂದೆ 'ರೋಡ್' ಎಂದು ಬಂದರೆ, ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಇಲ್ಲಿಂದ ಶುರುವಾಗುತ್ತದೆ ಎಂದು ಅರ್ಥ. ಇಳಿದವರು ಬಸ್ಸನ್ನೋ ಟಂಟಂ ಅನ್ನೋ ಹುಡುಕಿಕೊಳ್ಳಬೇಕು. 1876–78ರ ಮಹಾಬರದ ನಂತರ, ಬರದ ನಾಡಿಗೆ ಧಾನ್ಯ ಸಾಗಿಸಲು ರೈಲು ಬೇಕೆಂಬ ವಿಚಾರ ಬಲಗೊಂಡ ಕಾಲದಲ್ಲಿ, 1880ರ ದಶಕದಲ್ಲಿ ಬಂದ ಹಳಿ ಇದು. ಅಂದು ಎಂಜಿನಿಯರನಿಗೆ ಅನುಕೂಲವಾದ ನೆಲದ ಮೇಲೆ ಹಳಿ ಹೋಯಿತು. ಊರುಗಳು ದೂರ ಉಳಿದವು. ಇಂಡಿಗೂ ಬಾಗೇವಾಡಿಗೂ 'ರೋಡ್' ಆದರೂ ಸಿಕ್ಕಿತು. ಸಿಂದಗಿಗೆ, ಮುದ್ದೇಬಿಹಾಳಕ್ಕೆ ಅದೂ ಇಲ್ಲ.

ಬೆಂಗಳೂರಿನ ಉಪನಗರಗಳಿಗೆ ಮೆಟ್ರೋ ವಿಸ್ತರಿಸುವ ವಿಷಯಕ್ಕೂ ಕೃಷ್ಣೆಯ ದಂಡೆಯ ಹಳ್ಳಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ನಮ್ಮ ಜನರದ್ದು. ಸುಗ್ಗಿ ಮುಗಿದ ಮೇಲೆ ನಮ್ಮ ಭಾಗದ ಹಳ್ಳಿಗಳಲ್ಲಿ ಬೀಗ ಬಿದ್ದ ಮನೆಗಳು ಕಾಣುತ್ತವೆ. ಗುಳೆ ಹೋದವರು ಗೋವಾದಲ್ಲಿದ್ದಾರೆ, ಮಂಗಳೂರು-ಉಡುಪಿಯಲ್ಲಿದ್ದಾರೆ, ಪುಣೆ-ಮುಂಬೈಯಲ್ಲಿದ್ದಾರೆ. ಬೆಂಗಳೂರಿನ ಅಂಚಿನಲ್ಲಿಯೂ ಇದ್ದಾರೆ. ಮೆಟ್ರೋದ ಕಂಬಗಳನ್ನು ಎಬ್ಬಿಸುವವರಲ್ಲಿ ಒಡಿಶಾ, ಬಿಹಾರ, ಜಾರ್ಖಂಡ, ಬಂಗಾಳದ ಹುಡುಗರು ಬಹಳ. ಆ ಕಂಬಗಳ ಸುತ್ತ ಏಳುವ ಅಪಾರ್ಟ್‌ಮೆಂಟುಗಳಿಗೆ ಗುಂಡಿ ತೋಡುವ, ಸೆಂಟ್ರಿಂಗ್ ಕಟ್ಟುವ, ಇಟ್ಟಿಗೆ ಹೊರುವ, ಗಾರೆ ಕಲಸುವ ಕೆಲಸದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಮಾತು ಕೇಳಿಸುತ್ತದೆ. ಅಲ್ಲಿ ಮುಸ್ಲಿಮರಿದ್ದಾರೆ, ದಲಿತರಿದ್ದಾರೆ, ಲಂಬಾಣಿಗರಿದ್ದಾರೆ, ಹೊಲ ಕಳೆದುಕೊಂಡ ಲಿಂಗಾಯತರೂ ಇದ್ದಾರೆ. ತಗಡಿನ ಶೆಡ್ಡುಗಳಲ್ಲಿ ಇವರೆಲ್ಲರ ಒಲೆಗಳು ಅಕ್ಕಪಕ್ಕದಲ್ಲೇ ಉರಿಯುತ್ತವೆ. 'ವೇಗವಾಗಿ ಬೆಳೆಯುತ್ತಿರುವ ಉಪನಗರ' ಎಂದು ಪತ್ರಿಕೆಗಳು ಬರೆಯುವಾಗ, ಬೆಳೆಸುತ್ತಿರುವವರು ಇವರೇ.

ಹಾಗಾದರೆ ಆ ಉಪನಗರಗಳಿಗೆ ರೈಲು ಹೇಗೆ ಬಂತು? ವೈಟ್‌ಫೀಲ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಬೆಂಗಳೂರಿನಿಂದ ಜೋಲಾರಪೇಟೆಗೆ 1864ರಲ್ಲಿ ಹಾಕಿದ ಹಳಿ ಅದೇ ದಿಕ್ಕಿನಲ್ಲಿ ಹೋಗುತ್ತದೆ. ಆಂಗ್ಲೋ-ಇಂಡಿಯನ್ನರ ನೆಲೆಯಾಗಿ ವೈಟ್‌ಫೀಲ್ಡ್ ಹುಟ್ಟಿದ್ದು ಅದರ ನಂತರ, 1880ರ ದಶಕದಲ್ಲಿ. ಅಂದರೆ ಊರಿಗಿಂತ ಮೊದಲೇ ಅಲ್ಲಿ ಹಳಿ ಇತ್ತು. 1990ರ ದಶಕದಲ್ಲಿ ಅಲ್ಲಿ ಸಾಫ್ಟ್‌ವೇರ್ ಪಾರ್ಕು ಬಂತು, ಜಮೀನು ಸೈಟಾಯಿತು, ಸೈಟು ಗೋಪುರವಾಯಿತು, ರಸ್ತೆ ಕಟ್ಟಿಕೊಂಡಿತು. ಕಣ್ಣೆದುರಿಗಿನ ಹಳಿಯ ಮೇಲೆ ಹತ್ತು ನಿಮಿಷಕ್ಕೊಂದು ಲೋಕಲ್ ರೈಲು ಓಡಿಸೋಣ ಎಂಬ ಸರಳ ವಿಚಾರ ಮಾತ್ರ ಕಾರ್ಯರೂಪಕ್ಕೆ ಬರಲಿಲ್ಲ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ ಓಡಿತು. ಅದು ವೈಟ್‌ಫೀಲ್ಡಿನವರೆಗೆ ಕೂಡಿಕೊಂಡದ್ದು 2023ರ ಅಕ್ಟೋಬರಿನಲ್ಲಿ. ಹನ್ನೆರಡು ವರ್ಷಗಳಲ್ಲಿ ದಾರಿಯುದ್ದಕ್ಕೂ ನೆಲದ ಬೆಲೆ ಏನಾಯಿತೆಂದು ಹೇಳಲು ಅಂಕಿಸಂಖ್ಯೆ ಬೇಕಿಲ್ಲ. 'ಮೆಟ್ರೋಗೆ ಐದೇ ನಿಮಿಷ' ಎಂಬ ಜಾಹೀರಾತುಗಳೇ ಸಾಕು. ರೈಲು ಬರುವ ಹೊತ್ತಿಗೆ, ರೈಲು ಅಗತ್ಯವಿದ್ದ ಬಡವ ಬಾಡಿಗೆ ಕಟ್ಟಲಾರದೆ ಇನ್ನೂ ಆಚೆ ಹೋಗಿರುತ್ತಾನೆ. ಆತ ಹೋದ ಜಾಗ ಮುಂದೆ 'ವೇಗವಾಗಿ ಬೆಳೆಯುವ' ಇನ್ನೊಂದು ಉಪನಗರವಾಗುತ್ತದೆ. ಆಮೇಲೆ ಅಲ್ಲಿಗೂ ವಿಸ್ತರಣೆಯ ಬೇಡಿಕೆ ಏಳುತ್ತದೆ.

ಮುಂಬೈಯಲ್ಲಿ ಕ್ರಮ ಬೇರೆ ಇತ್ತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೋಯಿತು, 1925ರಲ್ಲಿ ವಿದ್ಯುತ್ ರೈಲು ಬಂತು. ಮೊದಲು ಹಳಿ, ಆಮೇಲೆ ಅದರ ಉದ್ದಕ್ಕೂ ವಸತಿ. ಗಿರಣಿ ಕಾರ್ಮಿಕನೂ ಬ್ಯಾಂಕಿನ ಗುಮಾಸ್ತನೂ ಮೀನು ಮಾರುವ ಹೆಂಗಸೂ ತಿಂಗಳ ಪಾಸು ಹಿಡಿದು ಒಂದೇ ಹಳಿಯ ಮೇಲೆ ಹೋಗುವ ಬದುಕು ಅಲ್ಲಿ ಕಟ್ಟಿಕೊಂಡಿತು. ಇಂದು ದಿನಕ್ಕೆ 70 ಲಕ್ಷಕ್ಕೂ ಹೆಚ್ಚು ಜನ ಆ ಲೋಕಲ್‌ಗಳನ್ನು ಹತ್ತುತ್ತಾರೆ. ಕತೆ ಬರೆಯುವ ನಮ್ಮಂಥವರಿಗೆ ಇದರ ಬೆಲೆ ಇನ್ನೊಂದು ರೀತಿಯಲ್ಲೂ ಗೊತ್ತು. ಕನ್ನಡ ಕಥನಕ್ಕೆ ಮಹಾನಗರದ ಅನುಭವ ಗಟ್ಟಿಯಾಗಿ ಬಂದದ್ದು ಬಹುಮಟ್ಟಿಗೆ ಮುಂಬೈಯಿಂದಲೇ. ಯಶವಂತ ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂತು, ಜಯಂತ ಕಾಯ್ಕಿಣಿಯವರ ಮುಂಬೈ ಕತೆಗಳು ಆಮೇಲೆ ಬಂದವು. ಅಪರಿಚಿತರು ಮೈಗೆ ಮೈ ತಾಗಿಸಿ ನಿಲ್ಲಲೇಬೇಕಾದ ನಗರ ಕತೆಗಾರನಿಗೆ ಮನುಷ್ಯರನ್ನು ಕೊಡುತ್ತದೆ. ಎಲ್ಲ ವರ್ಗದವರೂ ಹತ್ತಬಲ್ಲ ರೈಲು ಇದ್ದರಷ್ಟೇ ನಗರ ಹಾಗಿರುತ್ತದೆ.

ಮುಂಬೈಯನ್ನು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಠಾಣೆಯಾಚೆಯ ಮುಂಬ್ರಾವನ್ನು ನೋಡಬೇಕು. 1992–93ರ ಗಲಭೆಗಳ ನಂತರ ಮುಂಬೈಯ ಹಳೆಯ ಮೊಹಲ್ಲಾಗಳಿಂದ ಎಷ್ಟೋ ಮುಸ್ಲಿಮ್ ಕುಟುಂಬಗಳು ಜೀವಭಯದಿಂದ ಅಲ್ಲಿಗೆ ಹೋಗಿ ನೆಲೆಸಿದವು. ಸಣ್ಣ ಊರು ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಜನರ ಪಟ್ಟಣವಾಯಿತು. ಕೆಲಸ ಉಳಿದದ್ದು ಮುಂಬೈಯಲ್ಲೇ. ಹಳಿ ಇತ್ತು, ಆದರೆ ಜನ ಹೆಚ್ಚಿದಷ್ಟು ರೈಲು ಹೆಚ್ಚಲಿಲ್ಲ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಎರಡು ಲೋಕಲ್‌ಗಳು ಎದುರುಬದುರಾದಾಗ, ಬಾಗಿಲಲ್ಲಿ ಜೋತುಬಿದ್ದಿದ್ದ ಪ್ರಯಾಣಿಕರು ಕೆಳಗೆ ಬಿದ್ದರು. ಹಲವರು ಪ್ರಾಣ ಕಳೆದುಕೊಂಡರು. ಹಳಿ ಮೊದಲೇ ಬಂದರೂ, ಹೊರವಲಯದ ಜನರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂಬ್ರಾ ಸಾಕ್ಷಿ.

ಉಪನಗರಕ್ಕೆ ಉರ್ದುವಿನಲ್ಲಿ 'ಮುಜಾಫಾತ್' ಎನ್ನುತ್ತಾರೆ. ಉರ್ದು ಶಾಲೆಯಲ್ಲಿ ವ್ಯಾಕರಣ ಕಲಿತವರಿಗೆ ಈ ಪದದ ಬೇರು ಪರಿಚಿತ. 'ದರ್ದ್-ಎ-ದಿಲ್' ಎನ್ನುವಾಗ 'ದರ್ದ್' ಮುಜಾಫ್, ಅಂದರೆ ಸೇರಿಸಿದ್ದು. 'ದಿಲ್' ಮುಜಾಫ್ ಇಲೈಹ್, ಅಂದರೆ ಯಾವುದಕ್ಕೆ ಸೇರಿಸಲಾಗಿದೆಯೋ ಅದು. ನಡುವಿನ ಆ ಸಣ್ಣ 'ಎ' ಇಜಾಫತ್. ಆ 'ಎ' ಇಲ್ಲದಿದ್ದರೆ ನೋವು ಒಂದು ಕಡೆ, ಹೃದಯ ಇನ್ನೊಂದು ಕಡೆ. ಮುಜಾಫಾತ್ ಎಂದರೆ ನಗರಕ್ಕೆ ಸೇರಿಸಿದ ಊರುಗಳು. ಸೇರಿಸುವ ಕೆಲಸ ರೈಲಿನದ್ದು. ನಮ್ಮ ಯೋಜನಾಕಾರರು ಈ ವ್ಯಾಕರಣದಲ್ಲಿ ನಗರವನ್ನು ಮಾತ್ರ ಮುಖ್ಯವೆಂದುಕೊಂಡಿದ್ದಾರೆ. ಕಚೇರಿ ಇರುವ ಕಡೆಗೆ ನೌಕರನನ್ನು ಬೆಳಿಗ್ಗೆ ತಂದು ಸಂಜೆ ಒಯ್ಯುವುದೇ ಸಾರಿಗೆ ಎಂದು ತಿಳಿದಿದ್ದಾರೆ. ಮನೆಗೆಲಸಕ್ಕೆ ನಸುಕಿನಲ್ಲಿ ಹೋಗುವವಳು, ರಾತ್ರಿ ಪಾಳಿಯ ಕಾವಲುಗಾರ, ಇವತ್ತು ಹೂಡಿ ನಾಳೆ ಕೆಂಗೇರಿ ಎಂದು ಸೈಟಿನಿಂದ ಸೈಟಿಗೆ ಅಲೆಯುವ ಗೌಂಡಿ ಈ ಲೆಕ್ಕದೊಳಗೆ ಬರುವುದೇ ಇಲ್ಲ.

ದರದ ವಿಷಯ ನೋಡೋಣ. 2025ರ ಫೆಬ್ರವರಿ 9ರಿಂದ ನಮ್ಮ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಕೆಲವು ನಿಲ್ದಾಣಗಳ ನಡುವೆ ದರ ದುಪ್ಪಟ್ಟಾಗಿ ಜನ ಸಿಟ್ಟಿಗೆದ್ದಾಗ, ಏರಿಕೆ ಶೇ. 71ನ್ನು ಮೀರದಂತೆ ಸರಿಪಡಿಸಿದರು. ಆ ಪರಿಷ್ಕರಣೆಯ ಪ್ರಕಾರ 25 ಕಿ.ಮೀ. ದಾಟಿದ ಪ್ರಯಾಣಕ್ಕೆ 90 ರೂಪಾಯಿ. ಹೋಗಿಬರಲು 180. ತಿಂಗಳಿಗೆ 26 ದಿನ ಕೆಲಸವೆಂದರೆ 4,680 ರೂಪಾಯಿ. ಕಾರು ಬಿಟ್ಟು ಬರುವ ನೌಕರನಿಗೆ ಇದು ಉಳಿತಾಯವೇ ಇರಬಹುದು. ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಗಳಿಗೆ ಅದು ಸಂಬಳದ ದೊಡ್ಡ ತುಂಡು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು ಸರ್ಕಾರಿ ಬಸ್ಸಿಗೆ ಸಿಕ್ಕಿತು, ಮೆಟ್ರೋಗೆ ಸಿಗಲಿಲ್ಲ. ಹೀಗಾಗಿ ಒಂದೇ ರಸ್ತೆಯಲ್ಲಿ ಎರಡು ಬಗೆಯ ಪ್ರಯಾಣ ನಡೆಯುತ್ತದೆ. ಮೇಲೆ ತಣ್ಣನೆಯ ಡಬ್ಬಿ, ಕೆಳಗೆ ತುಂಬಿದ ಬಸ್ಸು. ಹೊಸೂರು ರಸ್ತೆಯ ಮೇಲೆ 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿ.ಮೀ., 16 ನಿಲ್ದಾಣ. ಕಾರ್ಖಾನೆಗಳ ನಡುವೆಯೇ ಹಾದುಹೋಗುವ ಮಾರ್ಗ ಅದು. ಅಲ್ಲಿನ ಹೊಲಿಗೆ ಯಂತ್ರಗಳ ಮುಂದೆ ಕೂರುವ ಹೆಂಗಸರು ಅದನ್ನು ಹತ್ತುತ್ತಾರೋ ಇಲ್ಲವೋ ಎಂಬುದರಿಂದಲೇ ಅದು ಗೆದ್ದಿತೋ ಸೋತಿತೋ ತೀರ್ಮಾನಿಸಬೇಕೆಂದು ನಾವು ಹೇಳುತ್ತೇವೆ.

ಇದಕ್ಕೆ ಬದಲಾಗಿ ಇನ್ನೊಂದು ದಾರಿ ಇತ್ತು, ಇದೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಯನ್ನೇ ನಂಬಿದ್ದ ಊರು ಬದುಕಿದ್ದು ಹೇಗೆ? ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಬರುವ ಬೆಳಗಿನ ರೈಲುಗಳಿಂದ. ಸಾವಿರಾರು ಜನ ಕೆಲವು ನೂರು ರೂಪಾಯಿಯ ಸೀಜನ್ ಟಿಕೆಟ್ಟಿನಲ್ಲಿ ದಿನಾಲೂ ಬೆಂಗಳೂರಿಗೆ ಬಂದು ದುಡಿದು ರಾತ್ರಿ ತಮ್ಮ ಮನೆಯಲ್ಲೇ ಮಲಗುತ್ತಾರೆ. ಅವರು ಊರು ಬಿಡಬೇಕಾಗಲಿಲ್ಲ, ಶೆಡ್ಡಿಗೆ ಬರಬೇಕಾಗಲಿಲ್ಲ. ಅಗ್ಗದ ರೈಲೊಂದು ಊರನ್ನು ಉಳಿಸಬಲ್ಲದು ಎಂಬುದಕ್ಕೆ ಕರ್ನಾಟಕದೊಳಗೇ ಇಷ್ಟು ಸ್ಪಷ್ಟ ಪುರಾವೆ ಇದೆ. ಆ ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲ, ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬ ದೂರುಗಳಿವೆ, ನಿಜ. ಇನ್ನಷ್ಟು ಓಡಿಸಬೇಕು ಎಂಬುದೇ ಆ ದೂರುಗಳ ಅರ್ಥ.

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ವಿಚಾರ 1983ರಷ್ಟು ಹಿಂದೆಯೇ ಸರ್ಕಾರಿ ವರದಿಯಲ್ಲಿ ಬಂದಿತ್ತು. ಕೇಂದ್ರ ಸಂಪುಟ ಸಮಿತಿ ಒಪ್ಪಿಗೆ ಕೊಟ್ಟದ್ದು 2020ರ ಅಕ್ಟೋಬರಿನಲ್ಲಿ. 148 ಕಿ.ಮೀ., 15,767 ಕೋಟಿ ರೂಪಾಯಿ, ನಾಲ್ಕು ಮಾರ್ಗ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಅವಕ್ಕೆ ಚೆಂದದ ಹೆಸರುಗಳನ್ನೂ ಇಟ್ಟರು. 2022ರ ಜೂನ್ 20ರಂದು ಪ್ರಧಾನಿ ಅಡಿಗಲ್ಲು ಹಾಕಿ, 40 ವರ್ಷ ಆಗದ್ದನ್ನು 40 ತಿಂಗಳಲ್ಲಿ ಮುಗಿಸುವ ಭರವಸೆ ಕೊಟ್ಟರು. ಆ 40 ತಿಂಗಳು ತುಂಬಿದ್ದು 2025ರ ಅಕ್ಟೋಬರಿನಲ್ಲಿ. ಮೆಟ್ರೋಗೆ ಬಸವಣ್ಣನವರ ಹೆಸರು ಬೇಕೇ ಬೇಡವೇ ಎಂದು ನಾಡು ವಾದಿಸುತ್ತಿದ್ದುದು ಅದೇ ತಿಂಗಳು. ನಾಲ್ಕು ಮಾರ್ಗಗಳಲ್ಲಿ ಒಂದರ ಮೇಲೂ ಅಷ್ಟರಲ್ಲಿ ರೈಲು ಓಡಿರಲಿಲ್ಲ. ಇತ್ತ ಮೆಟ್ರೋದ ಜಾಲ 96 ಕಿ.ಮೀ. ಮುಟ್ಟಿತ್ತು. 2024ರ ಆಗಸ್ಟಿನಲ್ಲಿ ಅದರ ಮೂರನೆಯ ಹಂತಕ್ಕೂ 44.65 ಕಿ.ಮೀ.ಗೆ 15,611 ಕೋಟಿ ರೂಪಾಯಿಯ ಒಪ್ಪಿಗೆ ಸಿಕ್ಕಿತ್ತು. ಓದುಗರು ಈ ಎರಡು ಮೊತ್ತಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಹೆಚ್ಚುಕಡಿಮೆ ಅದೇ ಹಣಕ್ಕೆ ಒಂದು ಕಡೆ 45 ಕಿ.ಮೀ., ಇನ್ನೊಂದು ಕಡೆ 148 ಕಿ.ಮೀ. ಮಂಜೂರಾದ ವರ್ಷಗಳು ಬೇರೆ, ಕಟ್ಟುವ ರೀತಿಯೂ ಬೇರೆ ಎಂಬುದನ್ನು ಒಪ್ಪೋಣ. ಆದರೂ ಅಗ್ಗದ ಯೋಜನೆ ತೆವಳುತ್ತದೆ, ದುಬಾರಿ ಯೋಜನೆ ನಡೆಯುತ್ತದೆ ಎಂಬ ವಾಸ್ತವ ಬದಲಾಗುವುದಿಲ್ಲ.

ಮೆಟ್ರೋದ ಪರವಾಗಿಯೂ ಮಾತುಗಳಿವೆ. ರಾತ್ರಿ ಹೊತ್ತು ಒಬ್ಬಂಟಿ ಹೆಣ್ಣುಮಗಳು ಭಯವಿಲ್ಲದೆ ಮನೆ ಸೇರುವಂತೆ ಅದು ಮಾಡಿದೆ. ಬುರ್ಖಾ ತೊಟ್ಟ ಕಾಲೇಜು ಹುಡುಗಿಗೂ ಜೀನ್ಸ್ ತೊಟ್ಟವಳಿಗೂ ಅದು ಒಂದೇ ಬೆಂಚು ಕೊಟ್ಟಿದೆ. ಹೊಗೆ ಕಡಿಮೆ ಮಾಡುತ್ತದೆ. ನಾಗವಾರದ ಕಡೆಗೆ ಕೊರೆದ ಸುರಂಗ ಮಾರ್ಗದಲ್ಲಿ ಶಿವಾಜಿನಗರ, ಟ್ಯಾನರಿ ರಸ್ತೆ, ಕಾಡುಗೊಂಡನಹಳ್ಳಿ ಎಂಬ ಹೆಸರುಗಳಿವೆ. ನಗರದ ನಕಾಶೆಯಲ್ಲಿ ಯಾವಾಗಲೂ ಗಲಭೆಯ ಸುದ್ದಿಗಾಗಿಯೇ ಕಾಣಿಸಿಕೊಳ್ಳುವ ಬೀದಿಗಳಿಗೆ ಮೆಟ್ರೋ ನಿಲ್ದಾಣವೊಂದು ಬರುವುದನ್ನು ನಾವು ಸಂತೋಷದಿಂದಲೇ ಸ್ವಾಗತಿಸುತ್ತೇವೆ. ಆದರೆ ಅಲ್ಲಿನ ಒಂದು ಕೋಣೆಯ ಮನೆಗಳಲ್ಲಿ ಬಾಡಿಗೆಗಿರುವ ಚರ್ಮದ ಕೆಲಸದವರು, ಗುಜರಿ ವ್ಯಾಪಾರಿಗಳು, ಟೈಲರುಗಳು ನಿಲ್ದಾಣ ತೆರೆದ ಐದು ವರ್ಷಗಳ ನಂತರವೂ ಅಲ್ಲೇ ಇರುತ್ತಾರೆಯೇ ಎಂದು ಈಗಲೇ ಕೇಳದಿದ್ದರೆ, ಆಮೇಲೆ ಕೇಳಿ ಫಲವಿಲ್ಲ.

ಹೀಗೆ ಕೇಳಲು ಕಾರಣಗಳಿವೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಶೆಡ್ಡುಗಳನ್ನು ಕೆಡವಿದರು. ಅಲ್ಲಿರುವವರು ಬಾಂಗ್ಲಾದೇಶಿಗಳು ಎಂಬುದು ಕೊಟ್ಟ ಕಾರಣ. ಆಧಾರ್ ಕಾರ್ಡು, ಮತದಾರರ ಚೀಟಿ ಹಿಡಿದು ಹೊರಬಂದವರಲ್ಲಿ ಅಸ್ಸಾಮಿನವರಿದ್ದರು, ಉತ್ತರ ಕರ್ನಾಟಕದವರೂ ಇದ್ದರು. ಆ ಕ್ರಮ ಕಾನೂನಿಗೆ ವಿರುದ್ಧವೆಂದು ಹೈಕೋರ್ಟು ಹೇಳಿತು. ಆದರೆ ಗೋಡೆಗಳು ಅಷ್ಟರಲ್ಲಿ ಬಿದ್ದಾಗಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ, ಲಾಕ್‌ಡೌನಿನ ನಡುವೆ, ಊರಿಗೆ ಹೋಗಲು ಹಂಬಲಿಸುತ್ತಿದ್ದ ಹೊರರಾಜ್ಯದ ಕಾರ್ಮಿಕರ ವಿಶೇಷ ರೈಲುಗಳನ್ನು ರದ್ದು ಮಾಡುವಂತೆ ರಾಜ್ಯ ಸರ್ಕಾರ ರೈಲ್ವೆಯನ್ನು ಕೋರಿತು. ಕಟ್ಟಡ ಉದ್ಯಮಿಗಳ ಜೊತೆ ಮುಖ್ಯಮಂತ್ರಿಗಳ ಸಭೆ ನಡೆದ ಬೆನ್ನಿಗೇ ಆದ ನಿರ್ಧಾರ ಅದು. ದೇಶವೆಲ್ಲ ಟೀಕಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಆದರೂ ಆ ಕೆಲವು ದಿನಗಳಲ್ಲಿ ಒಂದು ಸತ್ಯ ಬಯಲಾಯಿತು. ನಗರ ಕಟ್ಟುವ ಕೈಗಳು ಬೇಕು, ಆ ಕೈಗಳಿರುವ ಮನುಷ್ಯನಿಗೆ ತನ್ನಿಷ್ಟದಂತೆ ಬಂದುಹೋಗುವ ರೈಲು ಬೇಕಿಲ್ಲ ಎಂಬುದೇ ಆ ಸತ್ಯ.

ಈಗ ತಂಗಡಗಿಗೂ ಬೆಂಗಳೂರಿಗೂ ಇರುವ ಸಂಬಂಧ ಇನ್ನಷ್ಟು ಸ್ಪಷ್ಟವಾಗುತ್ತದೆ. ನಮ್ಮ ಕಡೆ ಹೊಸ ಮಾರ್ಗ ಕೇಳಿದಾಗ ಸಿಗುವ ಉತ್ತರ 'ಆದಾಯ ಸಾಲದು' ಎಂಬುದು. ಹಾಕಿದ ಹಣಕ್ಕೆ ತಕ್ಕ ಉತ್ಪತ್ತಿ ಬರುವುದಿಲ್ಲವಂತೆ. ಬೆಂಗಳೂರಿನ ಅಂಚಿನಲ್ಲಿ ಮೆಟ್ರೋಗೆ ಸಾವಿರಾರು ಕೋಟಿ ಸುರಿಯುವಾಗ ಇದೇ ತಕ್ಕಡಿ ಇಷ್ಟು ಕಟ್ಟುನಿಟ್ಟಾಗಿ ತೂಗುವುದಿಲ್ಲ. ಅಲ್ಲಿ ಸರ್ಕಾರದ ಹಣವಿದೆ, ಹೊರದೇಶದ ಬ್ಯಾಂಕುಗಳ ಸಾಲವಿದೆ, ಹಾಕಿದ್ದು ಟಿಕೆಟ್ಟಿನಿಂದಲೇ ಮರಳಿ ಬರಬೇಕೆಂಬ ಒತ್ತಾಯವಿಲ್ಲ. ಟಿಕೆಟ್ಟಿನಲ್ಲಿ ಬಾರದ ಲಾಭ ನೆಲದ ಬೆಲೆಯಲ್ಲಿ ಬರುತ್ತದೆ ಎಂಬ ಒಪ್ಪಂದ ಒಳಗೊಳಗೇ ಇದೆ. ಆ ಲಾಭ ಯಾರ ಜೇಬಿಗೆ ಹೋಗುತ್ತದೆ ಎಂದು ಕೇಳುವವರಿಲ್ಲ. ನಮ್ಮಲ್ಲಿ ನೆಲದ ಬೆಲೆ ಏರುವುದಿಲ್ಲ, ಆದ್ದರಿಂದ ಹಳಿ ಬರುವುದಿಲ್ಲ. ಹಳಿ ಬರುವುದಿಲ್ಲವಾದ್ದರಿಂದ ಕೆಲಸ ಬರುವುದಿಲ್ಲ. ಕೆಲಸವಿಲ್ಲದ್ದರಿಂದ ನಮ್ಮ ಹುಡುಗರು ರೊಟ್ಟಿ-ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತಿ, ಬೆಂಗಳೂರಿನ ನೆಲದ ಬೆಲೆ ಏರಿಸಲು ಹೋಗುತ್ತಾರೆ. ಬೆಂಗಳೂರಿನ ಉಪನಗರ ಇಷ್ಟು ವೇಗವಾಗಿ ಬೆಳೆಯಲು ಮುದ್ದೇಬಿಹಾಳ ಇಷ್ಟು ನಿಧಾನವಾಗಿ ಬೆಳೆಯುವುದೂ ಒಂದು ಕಾರಣ.

ಈ ಉತ್ತರ ಬದಲಾಗದ್ದೇನಲ್ಲ. ಗದಗ–ವಾಡಿ ಮಾರ್ಗಕ್ಕಾಗಿ ಎಷ್ಟೋ ವರ್ಷ ಕಾದ ಮೇಲೆ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ಪ್ರಯಾಣಿಕರ ರೈಲು ಬಂತು. ಆದಾಯದ ತಕ್ಕಡಿಯಲ್ಲಿ ತೂಗಿದ್ದರೆ ಕುಷ್ಟಗಿಯೂ ಇನ್ನೂ ಕಾಯುತ್ತಿತ್ತು. ಆ ತಕ್ಕಡಿಯನ್ನು ಬದಿಗಿಟ್ಟದ್ದರಿಂದ ರೈಲು ಬಂತು.

ಹಾಗಾಗಿ ನಮ್ಮ ಮಾತು ಹೆಸರಿನ ವಿರುದ್ಧವಲ್ಲ. ಬಸವಣ್ಣ ಯಾವ ಒಂದು ಜಾತಿಯ ಆಸ್ತಿಯೂ ಅಲ್ಲವಾದ್ದರಿಂದ ಆ ಹೆಸರಿನ ಮೇಲೆ ನಮಗೂ ಹಕ್ಕಿದೆ, ಪ್ರೀತಿಯಿದೆ. ಆ ಪ್ರೀತಿಯಿಂದಲೇ ಹೇಳುತ್ತಿದ್ದೇವೆ. ಕಾಯಕವನ್ನು ದೊಡ್ಡದೆಂದವನ ಹೆಸರನ್ನು ಕಾಯಕದವರು ಹತ್ತಲಾಗದ ಗಾಡಿಗೆ ಇಡಬಾರದು. ಹೆಸರಿಡುವ ಮೊದಲು ಮೂರು ಕೆಲಸಗಳಾಗಲಿ. ಮೊದಲನೆಯದು, ಉಪನಗರ ರೈಲಿಗೆ ಮೆಟ್ರೋಗಿಂತ ಮೊದಲ ಸ್ಥಾನ ಸಿಗಲಿ. ಮಾಲೂರು, ಬಂಗಾರಪೇಟೆ, ರಾಮನಗರ, ತುಮಕೂರಿನವರೆಗೆ ಇರುವ ಹಳಿಗಳ ಮೇಲೆ ಪಾಳಿಯ ಹೊತ್ತಿಗೆ ಸರಿಹೋಗುವ ರೈಲುಗಳು ಓಡಲಿ. ಎರಡನೆಯದು, ದುಡಿಯುವವರಿಗೆ ಬಸ್ಸು, ಮೆಟ್ರೋ, ರೈಲು ಮೂರಕ್ಕೂ ಒಂದೇ ಅಗ್ಗದ ತಿಂಗಳ ಪಾಸು ಬರಲಿ, ನಿಲ್ದಾಣಗಳ ಸುತ್ತ ಏರಿದ ನೆಲದ ಬೆಲೆಯಲ್ಲಿ ಸರ್ಕಾರ ಪಾಲು ತೆಗೆದುಕೊಂಡು ಅಲ್ಲೇ ಬಡವರಿಗೆ ಬಾಡಿಗೆ ಮನೆ ಕಟ್ಟಿಸಲಿ. ಮೂರನೆಯದು, ಆಲಮಟ್ಟಿ–ಯಾದಗಿರಿ ಮಾರ್ಗವನ್ನು ಲಾಭದ ತಕ್ಕಡಿಯಿಂದ ಇಳಿಸಿ ನ್ಯಾಯದ ತಕ್ಕಡಿಯಲ್ಲಿ ಇಡಲಿ.

ಆ ಮಾರ್ಗ ಬಂದ ದಿನ ಮುದ್ದೇಬಿಹಾಳದ ಸ್ಟೇಷನ್ ಬೋರ್ಡಿನ ಮೇಲೆ ಕನ್ನಡದಲ್ಲಿ ಮುದ್ದೇಬಿಹಾಳ ಎಂದಷ್ಟೇ ಬರೆದಿರಬೇಕು. ಅದರ ಮುಂದೆ 'ರೋಡ್' ಎಂಬ ಬಾಲ ಇರಬಾರದು. ಬೆಂಗಳೂರಿನ ಮೆಟ್ರೋಗೆ ಯಾವ ಹೆಸರಿಡಬೇಕೆಂಬ ಚರ್ಚೆಯನ್ನು ಅಂದು ಸಾವಕಾಶವಾಗಿ ಮಾಡೋಣ. ಗುಳೆಯಿಂದ ಮರಳಿದ ನಮ್ಮ ಹುಡುಗರೂ ಅದರಲ್ಲಿ ಪಾಲುಗೊಳ್ಳಲಿ.